ಬ್ಯಾಂಡಿಲ್ಲದೆ ಬಂದ ಸಂತಾಪ

"ತಲಕಾಡಿನ ಹುಚ್ಚಯ್ಯ ವಕೀಲರು ತೀರ್ಕೊಂಡ್ರಂತೆ. ಈಗ್ತಾನೆ ಯಾರೋ ಫೋನ್ ಮಾಡಿದ್ರು," ಎಂದು ವಕೀಲರ ಸಂಘದ ಕಾರ್ಯದರ್ಶಿ ಶಿವರಾಜು ಹೇಳಿದಾಗ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

ಅದು ತೊಂಬತ್ತಾರನೇ ಇಸವಿ, ನಂಜನಗೂಡು. ಹಿರಿಯ ವಕೀಲರು ಸತ್ತರೆ ಸಂತಾಪ ಸಭೆ ಮಾಡಿ ಅವತ್ತಿನ ಕಲಾಪ ನಿಲ್ಲಿಸುವುದು ನಮ್ಮ ಪದ್ಧತಿ. ನಮ್ಮ ಕಕ್ಷಿದಾರಳು ಹೆಡತಲೆಯ ವಿಧವೆ ಚನ್ನಾಜಮ್ಮ. ಅವಳ ಮನೆ ಕೆಡವದಂತೆ ಕೊಟ್ಟಿದ್ದ ತಡೆಯಾಜ್ಞೆ ಅವತ್ತೇ ಮುಗಿಯುತ್ತಿತ್ತು; ಕಲಾಪ ನಿಂತರೆ ಅದು ಮುಂದುವರಿಯುತ್ತಿರಲಿಲ್ಲ.

"ಅವ್ವಾ, ನನ್ ಮೈದ್ನ ಚಾಮಯ್ಯ ಒತ್ತಾರೆನೇ ಆರೆ ಗುದ್ಲಿ ಇಟ್ಕೊಂಡು ಬಾಗ್ಲಲ್ಲಿ ಕುಂತವ್ನೆ," ಎಂದು ಆಕೆ ನನ್ನ ಸೀನಿಯರ್ ರಂಗನಾಯಕಿಯವರ ಕೈ ಹಿಡಿದಳು.

ಪೊಲೀಸರು ಕೈಬಿಟ್ಟ ಒಗಟುಗಳನ್ನೂ ಬಿಡಿಸಿದ್ದ ಹೆಂಗಸು ರಂಗನಾಯಕಿ. ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಬಂದರು.

ಸಂಘದ ಕೋಣೆಯಲ್ಲಿ ನಡೆದ ಸಭೆಯಲ್ಲಿ ಚಾಮಯ್ಯನ ವಕೀಲ ನಂಜೇಶನದೇ ಉದ್ದನೆಯ ಭಾಷಣ. ಥೂ, ಆ ಮೊಸಳೆ ಕಣ್ಣೀರೇ! ಶಿವರಾಜುವಿಗೂ ಹುಚ್ಚಯ್ಯನವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. "ಇದು ಶಿವರಾಜುವೇ ಹುಟ್ಟಿಸಿದ ಸುಳ್ಳು ಸುದ್ದಿ ಇರಬೇಕು, ಮೇಡಂ," ಎಂದು ಪಿಸುಗುಟ್ಟಿದೆ.

"ಸುಮ್ನಿರಯ್ಯಾ ಸೀತಾರಾಮ. ಇಬ್ಬರ ಕತ್ತೂ ನೋಡು."

ಶಿವರಾಜುವಿನ ಕೊರಳಲ್ಲಿ ವಕೀಲರ ಬಿಳಿ ಬ್ಯಾಂಡ್ ಇತ್ತು. ನಂಜೇಶನ ಕೊರಳು ಬರಿದು.

ಎಲ್ಲರೂ ಎದ್ದು ನಿಂತಾಗ ರಂಗನಾಯಕಿ ಕೈಯೆತ್ತಿದರು. "ಮೌನಕ್ಕೆ ಮುಂಚೆ ಎರಡು ಮಾತು. ನಂಜೇಶ್, ಇವತ್ತು ನಿಮ್ಮ ಕೇಸಿತ್ತು. ಬ್ಯಾಂಡಿಲ್ಲದೆ ನ್ಯಾಯಾಧೀಶರ ಮುಂದೆ ಹೇಗೆ ನಿಲ್ತಿದ್ರಿ?"

"ಮರ್ತೆ ಕಣ್ರೀ. ಅದೂ ಒಂದು ಅಪರಾಧವಾ?"

"ಅಲ್ಲ. ಆದ್ರೆ ಸಾಕ್ಷಿ ಹೇಳಬೇಕಿದ್ದ ಚಾಮಯ್ಯನೂ ಕೋರ್ಟಿಗೆ ಬರೋದನ್ನ ಮರೆತನಾ? ಬೆಳಿಗ್ಗೆನೇ ಹಾರೆ ಹಿಡಿದು ಕೂತಿದ್ದಾನೆ. ಫೋನ್ ಬಂದದ್ದು ಈಗ. ಕೋರ್ಟ್ ನಡೆಯಲ್ಲ ಅಂತ ಅವನಿಗೆ ಮೊದಲೇ ಹೇಳೋಕೆ ಅವನ ವಕೀಲರಿಗಲ್ಲದೆ ಇನ್ಯಾರಿಗೆ ಸಾಧ್ಯ? ಶಿವರಾಜು ತನ್ನ ಕೇಸು ನಡೆಸೋಕೆ ಸಿದ್ಧವಾಗಿ ಬಂದಿದ್ದ. ನೀವು ಅಳೋಕೆ ಸಿದ್ಧವಾಗಿ ಬಂದಿರಿ."

"ಬಾಯಿಗೆ ಬಂದಂಗೆ ಮಾತಾಡ್ಬೇಡಿ! ಸತ್ತೋರ ಸಭೇಲಿ..."

ಅಷ್ಟರಲ್ಲಿ ಮೇಜಿನ ಮೇಲಿದ್ದ ಸಂಘದ ಫೋನ್ ಹೊಡೆದುಕೊಂಡಿತು. ರಂಗನಾಯಕಿ ರಿಸೀವರ್ ಎತ್ತಿ ನಂಜೇಶನತ್ತ ಚಾಚಿದರು. "ತಗೊಳ್ಳಿ, ದಿವಂಗತರು ಲೈನಲ್ಲಿದ್ದಾರೆ."

ಹುಚ್ಚಯ್ಯನವರ ಗುಡುಗು ದನಿ ಇಡೀ ಕೋಣೆಗೆ ಕೇಳಿಸಿತು: "ಲೇ ನಂಜೇಶ, ನಾನು ಸತ್ರೆ ಮಣ್ಣಿಗೆ ನೀನು ಮಾತ್ರ ಬರ್ಬೇಡ ಕಣ್ಲಾ!"

ನನಗೆ ಹೊಟ್ಟೆ ತಣ್ಣಗಾಯಿತು. ನ್ಯಾಯಾಧೀಶರು ಕೂಡಲೇ ಪೀಠಕ್ಕೆ ಬಂದು ತಡೆಯಾಜ್ಞೆ ಮುಂದುವರಿಸಿದರು. ಆದೇಶ ಹಿಡಿದ ಪೊಲೀಸ್ ಜೀಪು ಹೆಡತಲೆಗೆ ಹೊರಟಿತು.

ಕಾಫಿ ಕುಡಿದು ಹೋಗು ಎಂದರೂ ಚನ್ನಾಜಮ್ಮ ನಿಲ್ಲದೆ ಜೀಪು ಹತ್ತಿದಳು. "ಬತ್ತೀನಿ ಕಣವ್ವ. ಮನೇಲಿ ಇನ್ನೂ ಒಲೆ ಅಚ್ಚಿಲ್ಲ."