ಗದ್ದದ ಮೇಲಿನ ಮೂರು ಚುಕ್ಕಿ

"ಮುಟ್ಟಬ್ಯಾಡ್ರಿ!"

ವಾಡಿಯ ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ದಾನೇಶ್ವರಿ ಚೀರಿದ್ದೇ ತಡ, ಅಂಗಡಿಯ ಚನ್ನು ಹಾಳೆಯತ್ತ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ.

ಅದು ೨೦೦೫. ನಾಲವಾರದ ಶಾಲೆಯ ಈ ಟೀಚರಮ್ಮ ಮಕ್ಕಳ ಕಥೆಯ ಸಿ.ಡಿ.ಗೆಂದು ತಂದದ್ದು ತಾನೇ ಬರೆದ ಅಜ್ಜಿಯ ಚಿತ್ರ. ತೀರಿಹೋದ ಹೀರಾಬಾಯಿ ಅಜ್ಜಿ ಒಮ್ಮೆಯೂ ಫೋಟೋಕ್ಕೆ ನಿಂತವಳಲ್ಲ. ಉಳಿದದ್ದು ಇದೊಂದೇ!

"ಸಿಟ್ಟಾಗಬ್ಯಾಡ್ರಿ, ಕುಂದ್ರಿ" ಎಂದ ಚನ್ನು ಸ್ಕ್ಯಾನರಿನ ಗಾಜನ್ನು ಮೂರು ಸಲ ಒರೆಸಿದ. ವಾಡಿಯ ಸಿಮೆಂಟಿನ ಧೂಳು ಯಾರನ್ನು ಬಿಟ್ಟೀತು?

"ಸ್ಕ್ಯಾನ್ ಮಾಡಿದ ಚಿತ್ರ ಬರೇ ಸಣ್ಣ ಸಣ್ಣ ಚೌಕ ಇರ್ತದ್ರಿ. ದೊಡ್ಡದು ಮಾಡಿದ್ರ ಒಡೀತದ. ಅದಕ್ಕ ಅದರ ಮ್ಯಾಲ ನಾ ಮತ್ತ ಗೆರಿ ಎಳೀತೀನಿ. ಆ ಗೆರಿ ಒಡೆಯಂಗಿಲ್ಲ. ಆಮ್ಯಾಲ ಅಂಥವು ನೂರಾರು ಚಿತ್ರ ಒಂದರ ಹಿಂದೊಂದು ಓಡಿಸಿದ್ರ ಅಜ್ಜಿ ನಗ್ತಾಳ..."

"ನಗ್ತಾಳ್ರೀ?" ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ನಾಲ್ಕು ಶನಿವಾರ ಶಾಲೆ ಬಿಟ್ಟೊಡನೆ ರೈಲು ಹತ್ತಿ ಬಂದಳು. ಅಜ್ಜಿಯ ಚಿತ್ರ ನೋಡಲು ಎಂದು ತನಗೆ ತಾನೇ ಹೇಳಿಕೊಂಡಳು. ನೋಡುತ್ತಿದ್ದುದು ಮಾತ್ರ ಮೌಸ್ ಹಿಡಿದ ಅವನ ಬೆರಳುಗಳನ್ನು!

ಐದನೆಯ ಶನಿವಾರ ಪರದೆಯ ಮೇಲೆ ಅಜ್ಜಿ ನಕ್ಕಳು. ದಾನೇಶ್ವರಿ ನಗಲಿಲ್ಲ.

"ಗದ್ದದ ಮ್ಯಾಲಿನ ಹಚ್ಚಿ ಎಲ್ಲಿ? ಮೂರು ಚುಕ್ಕಿ?"

"ಅಯ್ಯ... ಗಾಜಿನ ಮ್ಯಾಲಿನ ಧೂಳಂತ ತಿಳದು ಅಳಿಸಿಬಿಟ್ಟೆ."

"ಸಣ್ಣಾಕಿದ್ದಾಗ ಆ ಚುಕ್ಕಿ ಎಣಿಸಿಕೋತ ಮಲಗ್ತಿದ್ದೆ. ನಿಮಗ ಧೂಳಾತೇನು? ಆಕಿ ಮಾರಿ ನೀವು ಒಮ್ಮೆನೂ ನೆಟ್ಟಗ ನೋಡಿಲ್ಲ!"

ಚಿತ್ರ ಕಸಿದುಕೊಂಡು ಹೊರಟೇಬಿಟ್ಟಳು.

ರೈಲಿನಲ್ಲಿ ಕಣ್ಣೊರೆಸಿಕೊಳ್ಳುವಾಗ ಹೊಳೆಯಿತು. ನಾಲ್ಕು ಶನಿವಾರ ಪಕ್ಕದಲ್ಲೇ ಕುಳಿತಿದ್ದೆನಲ್ಲ... ನಾನಾದರೂ ಎಲ್ಲಿ ನೋಡುತ್ತಿದ್ದೆ?

ತಪ್ಪು ಇಬ್ಬರದೂ ಇತ್ತು. ಆದರೂ ಮುಂದಿನ ಶನಿವಾರ ಹೋಗಲು ಬಿಗುಮಾನ ಬಿಡಲಿಲ್ಲ. ಇನ್ನು ಅವನು ಸಿಗುವುದಿಲ್ಲವೇನೋ ಎಂದು ಎದೆ ಭಾರವಾಯಿತು.

ಆ ಶನಿವಾರ ಕಳೆದ ಸೋಮವಾರ ಚನ್ನುವೇ ಸಿ.ಡಿ. ಹಿಡಿದು ಶಾಲೆಗೆ ಬಂದ. ಅದನ್ನು ಶಾಲೆಯ ಕಂಪ್ಯೂಟರಿಗೆ ಹಾಕಿದ.

ಅಜ್ಜಿ ನಕ್ಕಳು. ಗದ್ದದ ಮೂರು ಚುಕ್ಕಿಗಳೂ ನಗುವಿನ ಜೊತೆ ಮೇಲೆದ್ದವು. ಚನ್ನು ಗದ್ದವನ್ನು ಪರದೆಯ ತುಂಬ ದೊಡ್ಡದು ಮಾಡಿದ. ಚುಕ್ಕಿಗಳು ಒಡೆಯಲಿಲ್ಲ. ಮೂರನೆಯದು ಕೊಂಚ ಓರೆಯಾಗಿತ್ತು, ಥೇಟ್ ಅಜ್ಜಿಯದರಂತೆ!

"ಮುನ್ನೂರಾ ಹನ್ನೆರಡು ಚಿತ್ರ ಅವ. ಮೊದಲಿನ ಸ್ಕ್ಯಾನ್ ನೋಡಿ ಒಂದೊಂದಕ್ಕೂ ಚುಕ್ಕಿ ಕೈಯಾರೆ ಇಟ್ಟೀನ್ರಿ" ಎಂದ. ಅವನ ಕಣ್ಣುಗಳು ಕೆಂಪಾಗಿದ್ದವು. "ಯಾವುದು ಧೂಳು, ಯಾವುದು ಅಲ್ಲ... ನನಗೊಬ್ಬನಿಗೇ ತಿಳಿಯಂಗಿಲ್ಲ ದಾನೇಶ್ವರಿ. ಜನ್ಮಪೂರ್ತಿ ಬಾಜೂಕ ಕುಂತು ಹೇಳ್ತೀರೇನು?"

ಅವಳು ಕಣ್ಣೀರಿನಲ್ಲೇ ನಕ್ಕಳು.

"ಕುಂದರ್ತೀನಿ. ಆದ್ರ ನಾ ಪರದಿ ನೋಡಂಗಿಲ್ಲ... ನಿಮ್ಮ ಬೆರಳೇ ನೋಡ್ತೀನಿ. ನಡೀತದೇನು?"

"ಹಂಗಾದ್ರ ಮತ್ತ ತಪ್ಪಾಗ್ತದಲ್ರಿ!"

"ಆಗ್ಲಿ ತಗೋರಿ... ಇಬ್ಬರೂ ಕೂಡಿ ತಿದ್ದೂಣು."