ಭುಜದ ಮೇಲಿನ ಎರಡು ಬೆರಳು

"ಇದು ಸತ್ತವರ ಬೆರಳು ಕಣ್ರೀ," ಎಂದು ದರ್ಜಿ ಹೆಂಗಸು ಪುಟ್ಟ ಫೋಟೋವೊಂದನ್ನು ಮೇಜಿನ ಮೇಲಿಟ್ಟಾಗ, ಹಲ್ಲಿನ ಡಾಕ್ಟರು ಕುರ್ಚಿಯನ್ನೇ ಒಂದು ಮೊಳ ಹಿಂದಕ್ಕೆಳೆದುಕೊಂಡರು. ಊರವರ ದವಡೆಗೆಲ್ಲ ಕೈ ಹಾಕುವ ಆಸಾಮಿ, ದೆವ್ವವೆಂದರೆ ಮಾತ್ರ ಹೆದರುಪುಕ್ಕಲ! ಅವರ ಅತ್ತಿಗೆ ಹಾಗಲ್ಲ. ಪತ್ರಿಕೆಯೊಂದರ ಚಿತ್ರ ವಿಭಾಗದಲ್ಲಿ ದುಡಿದು ನಿವೃತ್ತಿಯಾದ ಮೇಲೆ ಮೈದುನನ ಮನೆಯ ಮಹಡಿಯಲ್ಲೇ ಇದ್ದರು. ಬೀದಿಯಲ್ಲಿ ಏನೇ ಕಳೆಯಲಿ, ಯಾರೇ ಸಾಯಲಿ, ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು.

ಅತ್ತಿಗೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಳದಿ ರವಿಕೆ ತೊಟ್ಟ ದರ್ಜಿ ನೆಟ್ಟಗೆ ಕೂತಿದ್ದಳು. ಚಿತ್ರದ ಎಡ ಅಂಚಿನಲ್ಲಿ, ಬೆಂಕಿಕಡ್ಡಿಯಷ್ಟು ಅಗಲದ ಜಾಗದಲ್ಲಿ, ಎರಡು ಬೆರಳ ತುದಿಗಳು ಅವಳ ಭುಜವನ್ನು ಒತ್ತಿ ಹಿಡಿದಿದ್ದವು.

"ತೆಗೆಸುವಾಗ ಪಕ್ಕದಲ್ಲಿ ಯಾರಿದ್ರು?"

"ಯಾರೂ ಇರ್ಲಿಲ್ಲ ಅಮ್ಮ. ಫೋಟೋ ತೆಗೆದೋರು ಎದುರಿಗೆ ಕ್ಯಾಮೆರಾ ಹತ್ರ ಇದ್ರು. ಈಗ ಆ ಸ್ಟುಡಿಯೋದಲ್ಲಿ ಎಲ್ರ ಫೋಟೋಗೂ ಈ ಬೆರಳು ಬರ್ತಿದೆಯಂತೆ. ಸತ್ತ ಮಾಲೀಕರು ನ್ಯಾಯ ಕೇಳ್ತಿದ್ದಾರೆ, ಕೊಂದವನ ಹೆಂಡತಿನ ಬಿಡ್ತಾರಾ ಅಂತ ಜನ ನನ್ನ ಮುಖಕ್ಕೇ ಅಂದ್ರು. ನಮ್ಮವರು ಇರುವೆ ಮೇಲೂ ಕಾಲಿಡೋರಲ್ಲ."

ಅವಳ ಗಂಡ ಆ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಫೋಟೋ ತಿದ್ದುವವನು. ಮಾಲೀಕರು ಹಿಂಬದಿಯ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಸತ್ತಿದ್ದರು. ಎದೆಯ ಮೇಲೆ ಯಾರೋ ಬಲವಾಗಿ ನೂಕಿದ ಗುರುತಿತ್ತು. ಅಂಗಡಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಬೀಗದ ಕೈ ಇದ್ದದ್ದು ಮಾಲೀಕರ ಹತ್ತಿರ ಮತ್ತು ಇವನ ಹತ್ತಿರ, ಮಾಲೀಕರದ್ದು ನಾಪತ್ತೆ. ಬೆಳಿಗ್ಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತೆಂದು ಮಾಲೀಕರ ಹೆಂಡತಿಯೇ ಹೇಳಿದ್ದರು. ಪೊಲೀಸರಿಗೆ ಅಷ್ಟು ಸಾಕಾಯಿತು.

"ಮಾಲೀಕರು ಸತ್ತ ಸಂಜೆ ನಾನೇ ಅವರಿಗೆ ಹೊಸ ಅಂಗಿ ಹೊಲಿದು ಕೊಟ್ಟೆ," ಎಂದಳು ದರ್ಜಿ. "ಹಸಿರು ಬಟ್ಟೆ. ಸಾಲದೆ ಭುಜದ ಹತ್ರ ತುಂಡು ಕೂಡಿಸಿದ್ದೆ, ಬೈತಾರೇನೋ ಅಂತ ಜೀವ ಕೈಲಿ ಹಿಡ್ಕೊಂಡು ಹೋಗಿದ್ದೆ. ಅವರು ನಕ್ಕು ಅಲ್ಲೇ ತೊಟ್ಕೊಂಡ್ರು, ಸತ್ತಾಗ್ಲೂ ಅದರಲ್ಲೇ ಇದ್ರು. ನಾನೂ ನಮ್ಮವರೂ ಒಟ್ಟಿಗೇ ಮನೆಗೆ ಹೊರಟ್ವಿ. ಹೆಂಡತಿ ಮಾತನ್ನ ಯಾರು ನಂಬ್ತಾರೆ? ಈ ಫೋಟೋನೂ ಜೈಲಿಗೆ ಹೋಗಿ ನಮ್ಮವರನ್ನ ನೋಡೋಕೆ ಕೊಡೋ ಅರ್ಜಿಗೆ ಅಂತಲೇ ತೆಗೆಸಿದ್ದು. ನಾನೂರ ಹದಿಮೂರು ಪಿಕ್ಸೆಲ್ ಅಗಲ, ಐನೂರ ಮೂವತ್ತೊಂದು ಎತ್ತರ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ತಗೊಳಲ್ವಂತೆ."

"ಈಗ ಸ್ಟುಡಿಯೋದಲ್ಲಿ ಕೆಲಸ ಯಾರು ನೋಡ್ತಿದ್ದಾರೆ?"

"ಮಾಲೀಕರ ತಮ್ಮ. ಸಾವಿನ ದಿನ ಪರ ಊರಲ್ಲಿದ್ರಂತೆ, ಸುದ್ದಿ ಕೇಳಿ ಓಡಿಬಂದ್ರು."

ಅವಳು ಹೋದ ಮೇಲೆ ಅತ್ತಿಗೆ ಫೋಟೋವನ್ನು ಮೈದುನನ ಮೂಗಿನ ಮುಂದೆ ಹಿಡಿದರು. "ಅವಳ ರವಿಕೆ ಹಳದಿ. ಬೆರಳ ಕೆಳಗೆ ಯಾವ ಬಣ್ಣ ಇದೆ ನೋಡಪ್ಪ."

"ಹಸಿರು," ಎಂದರು ಡಾಕ್ಟರು. "ಅಯ್ಯೋ ಅತ್ತಿಗೆ, ಹಾಗಾದ್ರೆ ಅವರೇ ಬಂದಿದ್ದಾರೆ!"

"ಬಂದಿದ್ರೆ ಒಳ್ಳೇದೇ ಆಯ್ತು. ನಾಳೆ ಹೋಗಿ ಮಾತಾಡಿಸೋಣ."

ಮರುದಿನ ಅತ್ತಿಗೆಯ ಮಾತಿಗೆ ಸ್ಟುಡಿಯೋದಲ್ಲಿ ಎಲ್ಲರೂ ಸೇರಿದರು: ಇನ್ಸ್‌ಪೆಕ್ಟರು, ಮಾಲೀಕರ ಹೆಂಡತಿ, ದರ್ಜಿ, ಮಾಲೀಕರ ತಮ್ಮ. ಕಿಟಕಿಗಳಿಗೆಲ್ಲ ಕಪ್ಪು ಪರದೆ. ಹಗಲಿನಲ್ಲೂ ಒಳಗೆ ಕತ್ತಲೆ, ಗಾಳಿಯಾಡದ ಬಿಸಿ. ತಮ್ಮನ ಕಣ್ಣು ನಿದ್ದೆಗೆಟ್ಟು ಗುಳಿಬಿದ್ದಿತ್ತು.

"ನಮ್ಮ ಮೈದುನಂದೊಂದು ಫೋಟೋ ಬೇಕಲ್ಲಪ್ಪ, ಅದೇ ಪಿಕ್ಸೆಲ್ ಅಳತೆದು," ಎಂದರು ಅತ್ತಿಗೆ.

ಡಾಕ್ಟರು ಮನಸ್ಸಿನಲ್ಲೇ ಅತ್ತಿಗೆಗೆ ಹಿಡಿಶಾಪ ಹಾಕುತ್ತ ಸ್ಟೂಲಿನ ಮೇಲೆ ಕೂತರು. ಬಿಳಿ ಬೆಳಕು ಮಿಂಚಿತು. ಹಿಂದೆ ಯಾರೋ ಉಸಿರಾಡಿದಂತಾಗಿ ತಿರುಗಿದರೆ ಬರೀ ಬಟ್ಟೆಯ ಪರದೆ. ಮಾಲೀಕರ ತಮ್ಮ ಕಂಪ್ಯೂಟರಿನಲ್ಲಿ ಏನೇನೋ ಒತ್ತಿದ, ಚಿತ್ರವನ್ನು ಎಳೆದು ಕೂರಿಸಿದ, ಮುಗಿಯುವ ಮೊದಲೇ ಮುಖ ಆಚೆ ತಿರುಗಿಸಿದ. ಡಾಕ್ಟರು ಕಂಪ್ಯೂಟರಿನ ಪರದೆ ನೋಡಿದರು. ಅವರ ಭುಜದ ಮೇಲೆ ಅದೇ ಎರಡು ಬೆರಳು! ಅಂಗಿಯ ಭುಜವನ್ನು ಅವರಿಗೇ ಗೊತ್ತಿಲ್ಲದಂತೆ ಒರೆಸಿಕೊಂಡರು.

"ಅಣ್ಣ ಇನ್ನೂ ಇಲ್ಲೇ ಇದ್ದಾನೆ," ಎಂದ ತಮ್ಮ. ಮಾಲೀಕರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ನೀವು ಮುಖ ತಿರುಗಿಸಿದ್ದು ಯಾಕೆ?" ಎಂದು ಅತ್ತಿಗೆ ಕೇಳಿದರು.

"ನೋಡೋಕೆ ಆಗಲ್ಲ ನಂಗೆ."

"ನಾನು ನೋಡ್ತೀನಿ, ಏಳಿ." ಅತ್ತಿಗೆ ಅವನ ಕುರ್ಚಿಯಲ್ಲಿ ಕೂತರು. "ಇನ್ಸ್‌ಪೆಕ್ಟರೇ, ಇವರಿಗೆ ಅಳತೆ ಹಾಕಿ ಫೋಟೋ ಕತ್ತರಿಸೋಕೆ ಬರಲ್ಲ. ಅದನ್ನ ಮಾಡ್ತಿದ್ದೋನು ಜೈಲಲ್ಲಿದ್ದಾನೆ. ಹಾಗಾಗಿ ಸರಿಯಾದ ಅಳತೆದು ಒಂದು ಹಳೇ ಫೋಟೋನ, ಯಾರದು ಅಂತ ಸರಿಯಾಗಿ ನೋಡದೆ ತೆಗೆದು, ಅದರ ಮೇಲೆ ಹೊಸದನ್ನ ಹಾಸ್ತಾರೆ. ಹಾಸಿಗೆ ಮೇಲೆ ಹಾಸಿದ ಹೊದಿಕೆ ಒಂದು ಕಡೆ ಗಿಡ್ಡ ಆದ್ರೆ ಏನಾಗುತ್ತೆ? ಕೆಳಗಿನ ಹಾಸಿಗೆ ಇಣುಕುತ್ತೆ. ಬೆರಳು ಇಣುಕಿದ್ದೂ ಹಾಗೇ. ಈಗ ಹೊದಿಕೆ ತೆಗಿತೀನಿ."

ಡಾಕ್ಟರ ಮುಖ ಪರದೆಯಿಂದ ಮಾಯವಾಯಿತು. ಅದರಡಿ ಸತ್ತ ಮಾಲೀಕರು ಹಸಿರು ಅಂಗಿಯಲ್ಲಿ ನಗುತ್ತ ಕೂತಿದ್ದರು. ಅವರ ಭುಜದ ಮೇಲೆ ಎರಡು ಬೆರಳು.

"ನಾನು ಹೊಲಿದ ಅಂಗಿ!" ದರ್ಜಿ ಚೀರಿದಳು. "ನೋಡಿ, ತುಂಡು ಕೂಡಿಸಿದ ಹೊಲಿಗೆ!"

"ಅಂದ್ರೆ ಇದು ಆ ಸಂಜೆ ನೀವಿಬ್ರೂ ಹೊರಟ ಮೇಲೆ ತೆಗೆದ ಫೋಟೋ. ಸತ್ತವರು ಕೂತಿದ್ದಾರೆ, ಅವರ ಎರಡೂ ಕೈ ತೊಡೆ ಮೇಲಿದೆ. ಹಾಗಾದ್ರೆ ಬೆರಳು ಯಾರದು?" ಅತ್ತಿಗೆ ಮಾಲೀಕರ ಹೆಂಡತಿಯತ್ತ ತಿರುಗಿದರು. "ಅಮ್ಮ, ನಿಮ್ಮವರು ಫೋಟೋದಲ್ಲಿ ಬೇಡದ್ದನ್ನ ಅಳಿಸ್ತಿದ್ರಾ?"

"ಇಲ್ಲಮ್ಮ. ಮುಂದೆ ಬೇಕಾದೀತು ಅಂತ ಏನನ್ನೂ ಬಿಸಾಕ್ತಿರ್ಲಿಲ್ಲ. ಅದಕ್ಕೇ ದಿನಾ ಇವಳ ಗಂಡನ ಜೊತೆ ಜಗಳ. ಎಲ್ಲ ಇಟ್ಕೊಂಡ್ರೆ ಕಂಪ್ಯೂಟರ್ ತುಂಬಿಹೋಗುತ್ತೆ ಅಂತ ಅವನು. ಆ ಬೆಳಿಗ್ಗೆನೂ ಅದೇ."

"ಈ ಫೋಟೋನ ಅಳತೆಗೆ ಕತ್ತರಿಸಿದ್ದು ನಿಮ್ಮವರೇ. ಕತ್ತರಿಸಿದಾಗ ಹೊರಗಿನ ಭಾಗ ಅಳಿಸೋ ಆಯ್ಕೆ ಇರುತ್ತೆ. ಅವರು ಅದನ್ನ ಒತ್ತಲಿಲ್ಲ. ಹೊರಗಿನದು ಹೋಗಿಲ್ಲ, ಮರೆಯಾಗಿದೆ ಅಷ್ಟೇ."

ಅತ್ತಿಗೆ ಚೌಕಟ್ಟಿನ ಅಂಚು ಹಿಡಿದು ನಿಧಾನಕ್ಕೆ ಹೊರಕ್ಕೆ ಎಳೆದರು. ಕತ್ತಲೆಯಿಂದ ಒಬ್ಬ ಮನುಷ್ಯ ಹುಟ್ಟುತ್ತ ಬಂದ. ಬೆರಳಿಗೆ ಅಂಗೈ ಬಂತು, ಅಂಗೈಗೆ ಮಣಿಕಟ್ಟು, ತೋಳು, ಹೆಗಲು. ಡಾಕ್ಟರಿಗೆ ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಾಗಲಿಲ್ಲ. ಕೊನೆಗೆ ಮುಖ ಬಂತು. ಅಣ್ಣನ ಭುಜದ ಹೊಲಿಗೆಯನ್ನು ಅಕ್ಕರೆಯಿಂದ ಸರಿಪಡಿಸುತ್ತ, ಪರ ಊರಲ್ಲಿದ್ದೆ ಎಂದಿದ್ದ ತಮ್ಮ ಬಾಗಿ ನಿಂತಿದ್ದ.

"ಟೈಮರ್ ಇಟ್ಟು ತೆಗೆದ ಫೋಟೋ, ಕೈ ತೆಗೆಯೋ ಮೊದಲೇ ಕ್ಲಿಕ್ ಆಗಿದೆ," ಎಂದರು ಅತ್ತಿಗೆ. "ಇಷ್ಟು ದಿನ ನಿಮ್ಮನ್ನ ಹೆದರಿಸಿದ್ದು ನಿಮ್ಮಣ್ಣನ ಬೆರಳಲ್ಲಪ್ಪ. ನಿಮ್ಮದೇ."

ತಮ್ಮ ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ನೋಡಿದ. ಆಮೇಲೆ ನೆಲದ ಮೇಲೆ ಕುಸಿದು ಕೂತ.

"ಅಂಗಡಿನ ಕೆಲಸದವನ ಹೆಸರಿಗೆ ಮಾಡ್ತೀನಿ, ಆ ಪತ್ರಕ್ಕೇ ಫೋಟೋ ಬೇಕು ಅಂದ ಅಣ್ಣ," ಎಂದು ಅತ್ತ. "ಒಡಹುಟ್ಟಿದೋನು ನಾನಿಲ್ವಾ ಅಂದೆ. ನಿಂಗೆ ಕೆಲಸ ಬರಲ್ಲ ಕಣೋ ಅಂದ. ಒಂದೇ ಸಲ ನೂಕಿದ್ದು." ಅಣ್ಣನ ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಇನ್ಸ್‌ಪೆಕ್ಟರು ಅದನ್ನು ತೆಗೆದುಕೊಂಡು ಅವನನ್ನು ಎಬ್ಬಿಸಿ ಕರೆದೊಯ್ದರು. ಹೋಗುವಾಗ ದರ್ಜಿಗೆ, "ಸಂಜೆಯೊಳಗೆ ನಿಮ್ಮವರನ್ನ ಬಿಡಿಸ್ತೀನಿ," ಎಂದರು. ದರ್ಜಿ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ಮಾಲೀಕರ ಹೆಂಡತಿ ಅವಳೆದುರು ಬಂದು ನಿಂತರು. "ನಿನ್ನ ಗಂಡನ ಹೆಸರು ಹೇಳಿದ್ದು ನಾನೇ. ಯಾವ ಬಾಯಲ್ಲಿ ತಪ್ಪಾಯ್ತು ಅನ್ಲಿ? ನಮ್ಮವರು ಬಯಸಿದ ಹಾಗೆ ಈ ಅಂಗಡಿ ಅವನದೇ. ನಾಳೆನೇ ಬಂದು ಬಾಗಿಲು ತೆಗೀಲಿ."

ದರ್ಜಿ ಕಣ್ಣೊರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿತ್ತು.

"ನಾಳೆ ಬರಲ್ಲಮ್ಮ. ನಾಳೆ ಅವರು ಮನೇಲಿ ನಿದ್ದೆ ಮಾಡ್ಲಿ. ನಾಡಿದ್ದು ಕೇಳ್ತೀನಿ, ಬರೋಕೆ ಮನಸ್ಸಿದ್ಯಾ ಅಂತ."