ಅಡುಗೆಮನೆಯ ಕಿಟಕಿ ಮೆಚ್ಚಿದವರು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಟೈಲರ್ ಹೆಂಗಸಿಗೆ ಯಾರ ಮೇಲೆ ದೂರು ಕೊಡಬೇಕೆಂದೇ ಗೊತ್ತಿರಲಿಲ್ಲ.

"ಅಮ್ಮನಿಗೆ ಮಂಡಿ ನೋವು ಸಾರ್. ಮೂರನೇ ಮಹಡಿಯಿಂದ ಕೆಳಗಿಳಿದು ವರ್ಷವಾಯ್ತು. ಮೆಟ್ಟಿಲಿಲ್ಲದ ಮನೆ ಕೊನೆಗೂ ಒಂದು ಸಿಕ್ತು. ನಾವು ಎಷ್ಟು ಹೇಳಿದ್ರೂ ಇನ್ಯಾರೋ ಒಂಚೂರು ಜಾಸ್ತಿ ಹೇಳ್ತಾರಂತೆ. ಈಗ ಮೂವತ್ತೇಳು ಲಕ್ಷಕ್ಕೆ ಬಂದು ನಿಂತಿದೆ. ನಮ್ಮ ಕೈಲಾಗೋದೂ ಅಷ್ಟೇ."

"ಅಷ್ಟೇ ಅಂತ ಯಾರಿಗೆ ಗೊತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಮನೆ ತೋರಿಸಿದ ಏಜೆಂಟರ ಆಫೀಸಲ್ಲೇ ಸಾಲದ ಸಲಹೆಗಾರರು ಒಬ್ಬರು ಕೂತಿರ್ತಾರೆ, ಅವರಿಗೆ. ಪಾಪ, ಒಳ್ಳೆಯವರು."

"ಆ ಇನ್ಯಾರೋ ಯಾರು?"

"ಡಾಕ್ಟರ್ ದಂಪತಿಯಂತೆ. ಅಡುಗೆಮನೆ ಕಿಟಕೀಲಿ ಬರೋ ಬೆಳಕು ಬಹಳ ಹಿಡಿಸಿದೆಯಂತೆ. ಬುಧವಾರದೊಳಗೆ ನಾವು ಹೂಂ ಅನ್ನದಿದ್ರೆ ಮನೆ ಅವರಿಗೇ."

ಬೆಲೆ ಏರುವುದು ಅಪರಾಧವಲ್ಲ. ಆದರೆ ಏರಿದ ಬೆಲೆ ಸರಿಯಾಗಿ ಅಲ್ಲಿಗೇ ಬಂದು ಏಕೆ ನಿಂತಿತು? ಇನ್‌ಸ್ಪೆಕ್ಟರ್ ತಲೆಗೆ ಹುಳ ಬಿಟ್ಟಂತಾಯಿತು.

ಮಧ್ಯಾಹ್ನ ಇಬ್ಬರು ಕಾನ್‌ಸ್ಟೇಬಲ್‌ಗಳು ಗಂಡಹೆಂಡತಿಯಾಗಿ ಅದೇ ಆಫೀಸಿಗೆ ಹೊರಟರು.

"ನಿಮ್ಮನ್ನ ಏನಂತ ಕರೀಲಿ?" ಎಂದಳು ಮಹಿಳಾ ಕಾನ್‌ಸ್ಟೇಬಲ್.

"ರೀ ಅನ್ನು ಸಾಕು. ಮನೇಲಿ ನನ್ನ ಹೆಂಡ್ತಿ ಅದನ್ನೂ ಅನ್ನಲ್ಲ."

ಏಜೆಂಟ್ ಅವರಿಗೊಂದು ಫ್ಲ್ಯಾಟ್ ತೋರಿಸಿದ. ಅಡುಗೆಮನೆಗೆ ಕಿಟಕಿಯೇ ಇಲ್ಲ; ಹಗಲಲ್ಲೇ ದೀಪ ಹಾಕಬೇಕಾಯಿತು. ಇಪ್ಪತ್ತೆಂಟು ಲಕ್ಷದ ಮೇಲೆ ಆಗುವುದಿಲ್ಲವೆಂದು ಅವನಿಗೆ ಹೇಳಿದರು. ಆಮೇಲೆ ಆಫೀಸಿನ ಗಾಜಿನ ಕೋಣೆಯಲ್ಲಿದ್ದ ಸಲಹೆಗಾರನೆದುರು ಕೂತು, ಮೂವತ್ತೊಂದೂಕಾಲು ಲಕ್ಷದವರೆಗೂ ಹೋಗಬಲ್ಲೆವೆಂದು ಗುಟ್ಟಾಗಿ ತಿಳಿಸಿದರು. ಆತ ನೀರು ಕೊಟ್ಟ, ಅವಸರ ಮಾಡಲಿಲ್ಲ.

"ನೀವು ಯಾರ ಕಡೆಯವರು?" ಅವಳು ಕೇಳಿಯೇಬಿಟ್ಟಳು.

"ನಿಮ್ಮ ಕಡೆಯೇ ಅಮ್ಮಾ."

ಮಂಗಳವಾರ ಬೆಳಿಗ್ಗೆ ಮಹಿಳಾ ಕಾನ್‌ಸ್ಟೇಬಲ್‌ಗೆ ಏಜೆಂಟನ ಫೋನ್ ಬಂತು. "ಮೇಡಂ, ಇನ್ನೊಂದು ಪಾರ್ಟಿ ಮೂವತ್ತೊಂದು ಅಂತಿದೆ. ಇನ್ನೊಂದು ಕಾಲು ಸೇರಿಸಿದ್ರೆ ನಿಮಗೇ."

"ಯಾರಪ್ಪಾ ಅವರು?"

"ಡಾಕ್ಟರ್ ದಂಪತಿ. ಅಡುಗೆಮನೆ ಕಿಟಕಿ ಬೆಳಕಿಗೇ ಮನಸೋತಿದಾರೆ."

ಅವಳು ಫೋನಿಗೆ ಕೈ ಅಡ್ಡ ಹಿಡಿದು ನಕ್ಕಳು. "ಸಾರ್, ಆ ಡಾಕ್ಟರಿಗೆ ಗೋಡೆಯಲ್ಲೂ ಕಿಟಕಿ ಕಾಣ್ಸುತ್ತೆ."

ಮಧ್ಯಾಹ್ನದ ಹೊತ್ತಿಗೆ FIR ದಾಖಲಾಯಿತು. ಟೈಲರ್ ನೋಡಿದ್ದ ಮನೆಯ ಒಡತಿ, ನಿವೃತ್ತ ನರ್ಸ್, ಬೆಪ್ಪಾದರು. "ಯಾವ ಡಾಕ್ಟರು? ಆಕೆ ಬಿಟ್ರೆ ಯಾರೂ ಬಂದಿಲ್ಲ. ಮೂವತ್ತಮೂರಕ್ಕೆ ನಾನು ಅವತ್ತೇ ಒಪ್ಪಿದ್ದೆ. ಈಗಲೂ ಅಷ್ಟಕ್ಕೇ ಕೊಡ್ತೀನಿ." ಮೇಲಿನ ನಾಲ್ಕು ಲಕ್ಷ ಯಾರ ಜೇಬಿಗೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಬುಧವಾರ ಗಾಜಿನ ಕೋಣೆಯಲ್ಲಿ ಪಂಚನಾಮೆ ನಡೆಯಿತು.

"ನನಗೇನೂ ಗೊತ್ತಿಲ್ಲ ಸಾರ್," ಎಂದ ಏಜೆಂಟ್. "ಅವನು ಮೂಲೇಲಿ ಕೂರೋ ಮನುಷ್ಯ. ಅವನ ಹತ್ರ ನಾನು ಮಾತೂ ಆಡಲ್ಲ."

ಸಲಹೆಗಾರ ಏಜೆಂಟನತ್ತ ತಲೆಯೆತ್ತಿದ. "ದಿನಾ ಸಂಜೆ ಒಳಗೆ ಕರೀತಿದ್ರಲ್ಲ ಸಾರ್."

ಇಬ್ಬರನ್ನೂ ಬಂಧಿಸಲಾಯಿತು.

ಠಾಣೆಯ ಬಾಗಿಲಲ್ಲಿ ಟೈಲರ್ ಎದುರಾದಳು. ಸಲಹೆಗಾರ ಮುಖ ತಿರುಗಿಸಿಕೊಂಡು ಒಳಗೆ ಹೋದ. "ಮುಂದೆ ಸಾಲದ ವಿಚಾರ ಯಾರನ್ನ ಕೇಳ್ಲಿ ಸಾರ್?" ಎಂದಳು ಮೆಲ್ಲಗೆ.

"ಮನೆ ಮಾರಿಸೋನ ಸಂಬಳ ತಿನ್ನದವರನ್ನ."

ಒಳಗೆ ಹೇಳಿಕೆ ಶುರುವಾಯಿತು.

"ನಿಮಗೆಷ್ಟು ಕೊಡ್ತಿದ್ದ?"

"ಸಂಬಳ ಅಷ್ಟೇ."

"ಮತ್ತೆ ಗಿರಾಕಿಗಳ ಕೈಲಾಗೋದು ಎಷ್ಟು ಅಂತ ಏಜೆಂಟನಿಗೆ ಯಾಕೆ ಹೇಳ್ತಿದ್ರಿ?"

ಆತ ಗೋಡೆಗೆ ಒತ್ತಿಕೊಂಡು ನಿಂತಿದ್ದ. "ಒಳಗೆ ಕರೆದು, ಬಾಗಿಲು ಹಾಕಿ, ತಾವೇ ಕುರ್ಚಿ ಎಳೆದು ಕೂರಿಸ್ತಿದ್ರು ಸಾರ್. ಬೇರೆ ಯಾವುದಕ್ಕೂ ನನ್ನನ್ನ ಕರೆದವರಲ್ಲ."

ಇನ್‌ಸ್ಪೆಕ್ಟರ್ ಎದ್ದು ಹೋಗಿ ಬಾಗಿಲು ಹಾಕಿ, ಎದುರಿನ ಕುರ್ಚಿ ಎಳೆದರು.

ಆತ ಕೂತ. ಮೊದಲಿನಿಂದ ಎಲ್ಲವನ್ನೂ ಹೇಳಿದ.